ಯೂನಾ ನೀರಿನ ಮೇಲೆ ಕುಣಿದಿದ್ದು ಯಾರಿಗೋಸ್ಕರ? ಜಪಾನಿ ಗೇಮ್‌ಗಳಲ್ಲಿ ದೇವರು, ಸಾವು, ಮೈಲಿಗೆ

ತುಂಗಾತೀರ

ಎಲ್ರಿಗೂ ನಮಸ್ಕಾರ. ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಫೈನಲ್ ಫ್ಯಾಂಟಸಿ 10ರ ಕಥೆ ಪೂರ್ತಿ ಬಿಟ್ಟುಕೊಡ್ತೀನಿ, ಆಡದೇ ಇರೋರು ಇಲ್ಲೇ ನಿಲ್ಲಿಸಿ.

2021ರ ಮೇ ತಿಂಗಳಲ್ಲಿ ನಮ್ಮಜ್ಜಿ ಕೊರೋನಾದಲ್ಲಿ ಹೋದ್ರು. ನಾನೂ ಪಾಸಿಟಿವ್ ಆಗಿ ಬೆಂಗ್ಳೂರಿನ ರೂಮಲ್ಲಿ ಬಿದ್ದಿದ್ದೆ, ಊರಿಗೆ ಹೋಗೋಕಾಗ್ಲಿಲ್ಲ, ಮುಖ ನೋಡೋಕಾಗ್ಲಿಲ್ಲ, ಒಂದು ಹಿಡಿ ಅಕ್ಕಿ ಹಾಕೋಕೂ ಆಗ್ಲಿಲ್ಲ. ಎರಡು ವರ್ಷ ಆದ್ಮೇಲೆ ಸ್ಟೀಮ್ ಸೇಲಲ್ಲಿ ಈ ಗೇಮ್ ತಗೊಂಡೆ. ಶುರುವಲ್ಲೇ ಕಿಲಿಕಾ ಅನ್ನೋ ಬಂದರಿನ ಊರು ಬರುತ್ತೆ, ಸಿನ್ ಅನ್ನೋ ದೈತ್ಯ ಬಂದು ಊರನ್ನ ಕೊಚ್ಕೊಂಡು ಹೋಗಿರುತ್ತೆ, ಹೆಣಗಳನ್ನ ಸುತ್ತಿ ನೀರಿಗೆ ಇಳಿಸಿರ್ತಾರೆ, ದಡದಲ್ಲಿ ಮನೆಯೋರೆಲ್ಲ ಅಳ್ತಾ ನಿಂತಿರ್ತಾರೆ. ಆಗ ಆಟದ ನಾಯಕಿ ಯೂನಾ ಕೋಲು ಹಿಡ್ಕೊಂಡು ನೀರಿನ ಮೇಲೆ ನಡ್ಕೊಂಡು ಹೋಗಿ ಕುಣಿಯೋಕೆ ಶುರು ಮಾಡ್ತಾಳೆ, ಅವಳ ಕಾಲ ಕೆಳಗೆ ನೀರು ಕಂಬದ ಥರ ಎದ್ದು ನಿಲ್ಲುತ್ತೆ, ಸತ್ತೋರ ಜೀವ ಮಿಣುಕುಹುಳದ ಥರ ಮೇಲಕ್ಕೆ ಹೋಗುತ್ತೆ. ಹಿಂಗೆ ಯಾರಾದ್ರೂ ಕಳಿಸಿಕೊಡದೇ ಇದ್ರೆ ಸತ್ತೋರಿಗೆ ದಾರಿ ಗೊತ್ತಾಗಲ್ಲ, ಬದುಕಿರೋರ ಮೇಲೆ ಹೊಟ್ಟೆಕಿಚ್ಚು ಬಂದು ಆಮೇಲೆ ಪಿಶಾಚಿ ಆಗ್ಬಿಡ್ತಾರೆ ಅಂತ ಯೂನಾ ಜೊತೆಗಾರ್ತಿ ಲುಲು ಹೇಳ್ತಾಳೆ. ನಾನು ಕಂಟ್ರೋಲರ್ ಕೆಳಗಿಟ್ಟು ಸುಮಾರು ಹೊತ್ತು ಹಂಗೇ ಕೂತಿದ್ದೆ.

ಈಗ ನನ್ನ ಪ್ರಶ್ನೆ. ಅದೇ ಆಟದಲ್ಲಿ ಯೆವನ್ ಅನ್ನೋ ಧರ್ಮ ಇದೆ, ಊರೂರಿಗೂ ದೇವಸ್ಥಾನ, ಮಠದ ಸ್ವಾಮಿಗಳ ಥರ ಮೇಸ್ಟರ್‌ಗಳು, ಯಂತ್ರ ಮುಟ್ಟಿದ್ರೆ ಪಾಪ ಅನ್ನೋ ಕಟ್ಟಳೆ. ಕೊನೆಗೆ ನೋಡಿದ್ರೆ ಎಲ್ಲಾ ಸುಳ್ಳು! ದೊಡ್ಡ ಮೇಸ್ಟರ್ ಮಿಕಾ ಯಾವತ್ತೋ ಸತ್ತಿರೋನು, ಬೆವೆಲ್ ದೇವಸ್ಥಾನದ ಒಳಗೇ ಯಂತ್ರ ತುಂಬ್ಕೊಂಡಿದೆ. ಇದೊಂದೇ ಅಲ್ಲ, ಎಷ್ಟೋ ಜಪಾನಿ ಆರ್‌ಪಿಜಿಗಳಲ್ಲಿ (ಪಾತ್ರ ವಹಿಸಿ ಆಡೋ ಕಥೆಯ ಗೇಮ್‌ಗಳು) ಕೊನೇ ಬಾಸ್, ಅಂದ್ರೆ ಕೊನೆಗೆ ಸೋಲಿಸ್ಬೇಕಾದ ಶತ್ರು, ದೇವರೇ ಆಗಿರ್ತಾನೆ. ಬೀದಿಗೊಂದು ಗುಡಿ ಇರೋ ದೇಶದವರು ದೇವರನ್ನ ಕೊಲ್ಲೋ ಕಥೇನ ಯಾಕೆ ಇಷ್ಟು ಸಲ ಹೇಳ್ತಾರೆ?

ಪಿಕ್ಸೆಲ್‌ರಂಗ

ಅಜ್ಜಿ ವಿಷ್ಯ ಓದಿ ತುಂಬಾ ಬೇಜಾರಾಯ್ತು ಗುರು.

ಪ್ರಶ್ನೆಗೆ ನಾನು ಚರಿತ್ರೆ ಕಡೆಯಿಂದ ಬರ್ತೀನಿ. ಗೇಮ್‌ಗಳಲ್ಲಿ ಹಿಂಗೆ ಬೀಳೋ ಧರ್ಮ ಬಹಳ ಸಲ ಚರ್ಚಿನ ಆಕಾರದಲ್ಲಿ ಇರುತ್ತೆ, ಪೋಪ್ ಥರ ಒಬ್ಬ, ಬಣ್ಣದ ಗಾಜಿನ ಕಿಟಕಿ, ಆರ್ಗನ್ ಸಂಗೀತ. ಜಪಾನಿನಲ್ಲಿ ಕ್ರೈಸ್ತರು ಶೇಕಡಾ 1ರ ಆಸುಪಾಸು ಅಷ್ಟೇ. 1549ರಲ್ಲಿ ಫ್ರಾನ್ಸಿಸ್ ಝೇವಿಯರ್ ಕಾಗೋಶಿಮಾದಲ್ಲಿ ಇಳಿದ, ಹೊರಟಿದ್ದು ನಮ್ಮ ಪಕ್ಕದ ಗೋವಾದಿಂದ. 1614ರಲ್ಲಿ ಇಡೀ ದೇಶದಲ್ಲಿ ಆ ಧರ್ಮಕ್ಕೆ ನಿಷೇಧ ಬಿತ್ತು, 1637-38ರಲ್ಲಿ ಕ್ರೈಸ್ತ ರೈತರು ಹೆಚ್ಚಾಗಿದ್ದ ಶಿಮಾಬರಾ ದಂಗೆ ಆಯ್ತು, ಆಮೇಲೆ 1873ರವರೆಗೂ ಉಳಿದೋರು ಕದ್ದುಮುಚ್ಚಿ ಪ್ರಾರ್ಥನೆ ಮಾಡ್ಕೊಂಡು ಬಂದ್ರು. ಆ ದಂಗೆಯ ನಾಯಕ ಅಮಾಕುಸಾ ಶಿರೋ ಒಬ್ಬ ಹದಿಹರೆಯದ ಹುಡುಗ, 1993ರ ಸಮುರಾಯ್ ಶೋಡೌನ್ ಗೇಮ್‌ನಲ್ಲಿ ಅವನೇ ವಿಲನ್ ಆಗಿ ಎದ್ದು ಬರ್ತಾನೆ. ಅಂದ್ರೆ ಅಲ್ಲಿನ ಕಥೆಗಾರರಿಗೆ ಚರ್ಚು ದೂರದ್ದು, ನಿಗೂಢ, ಅದನ್ನ ಯಾವ ವೇಷಕ್ಕೆ ಬೇಕಾದ್ರೂ ಹಾಕ್ಬೋದು, ಮನೆಯಲ್ಲಿ ಯಾರೂ ಬೇಜಾರಾಗಲ್ಲ.

ಇನ್ನೂ ಹತ್ತಿರದ ಗಾಯಗಳೂ ಇವೆ. ಚಕ್ರವರ್ತಿ ಸಾಕ್ಷಾತ್ ದೇವರು ಅಂತ ನಂಬಿ ಲಕ್ಷಾಂತರ ಜನ ಯುದ್ಧದಲ್ಲಿ ಸತ್ರು, 1946ರ ಜನವರಿ 1ಕ್ಕೆ ಅದೇ ಚಕ್ರವರ್ತಿ ತಾನು ದೇವರಲ್ಲ ಅನ್ನೋ ಅರ್ಥದ ಘೋಷಣೆ ಹೊರಡಿಸಿದ. ಆಮೇಲೆ 1995ರ ಮಾರ್ಚ್ 20, ಓಮ್ ಶಿನ್ರಿಕ್ಯೋ ಪಂಥದವರು ಟೋಕಿಯೋ ಮೆಟ್ರೋದಲ್ಲಿ ಸರಿನ್ ವಿಷಾನಿಲ ಬಿಟ್ರು. ಫೈನಲ್ ಫ್ಯಾಂಟಸಿ 10 ಬಂದಿದ್ದು 2001ರಲ್ಲಿ. ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಆದ್ರೆ "ನಂಬಿ, ಪ್ರಶ್ನೆ ಕೇಳ್ಬೇಡಿ" ಅನ್ನೋರ ಬಗ್ಗೆ ಆ ತಲೆಮಾರಿಗೆ ಭಯ ಇದ್ದೇ ಇರುತ್ತೆ, ಅದು ಬರವಣಿಗೇಲಿ ಬರದೇ ಎಲ್ಲಿಗೆ ಹೋಗುತ್ತೆ.

ನಿಶಾಚರಿ

ರಂಗ ಅವ್ರೆ, ನಿಮ್ಮ ಚರಿತ್ರೆ ಸರಿ ಇದೆ, ಆದ್ರೆ ಅರ್ಧ ಮಾತ್ರ. ಕೊಲ್ಲೋದು ಯಾವ ದೇವರನ್ನ ಅಂತ ನೋಡಿ. ಎಲ್ಲಾ ಸೃಷ್ಟಿ ಮಾಡಿ ಮೇಲೆ ಕೂತು ಆಳೋ ಒಬ್ಬನೇ ದೇವರನ್ನ ಕೊಲ್ತಾರೆ. 1998ರ ಝೆನೋಗಿಯರ್ಸ್‌ನಲ್ಲಿ ಅದರ ಹೆಸರೇ ದೇವುಸ್, ಲ್ಯಾಟಿನ್‌ನಲ್ಲಿ ದೇವರು ಅಂತ. ಮರದಲ್ಲಿ, ಬಂಡೇಲಿ, ನದೀಲಿ ಇರೋ ಕಾಮಿಗಳನ್ನ, ಅಂದ್ರೆ ಜಪಾನಿನ ಶಿಂಟೋ ಧರ್ಮದ ದೇವತೆಗಳನ್ನ, ಹಂಗೆ ಕೊಲ್ಲೋದು ನೀವು ಎಷ್ಟು ಆಟದಲ್ಲಿ ನೋಡಿದೀರ? ಅವಕ್ಕೆ ಏನೋ ಕೆಟ್ಟದ್ದು ಅಂಟಿರುತ್ತೆ, ನಾವು ಅದನ್ನ ತೊಳೀತೀವಿ.

ಒಕಾಮಿ ಆಡಿ ಎಲ್ಲಾರೂ, ದಯವಿಟ್ಟು. 2006ರಲ್ಲಿ ಕ್ಲೋವರ್ ಸ್ಟುಡಿಯೋ ಮಾಡಿದ್ದು, ನಿರ್ದೇಶಕ ಹಿದೆಕಿ ಕಾಮಿಯಾ. ಅದರಲ್ಲಿ ನೀವೇ ಅಮಾತೆರಾಸು, ಅಂದ್ರೆ ಸೂರ್ಯದೇವತೆ, ಬಿಳಿ ತೋಳದ ರೂಪದಲ್ಲಿ. ಓಡಿದ್ರೆ ಹೆಜ್ಜೆ ಹಿಂದೆ ಹೂವು ಅರಳ್ತಾ ಬರುತ್ತೆ. ಆಕಾಶದಲ್ಲಿ ಬ್ರಷ್ಷಿನಿಂದ ಒಂದು ಸುತ್ತು ಬರೆದ್ರೆ ಸೂರ್ಯ ಹುಟ್ತಾನೆ. ಒಣಗಿದ ಮರಕ್ಕೆ ಸುತ್ತು ಹಾಕಿದ್ರೆ ಚಿಗುರುತ್ತೆ. ಇಲ್ಲಿ ಶಕ್ತಿ ಹೆಚ್ಚಾಗೋದು ಶತ್ರುಗಳನ್ನ ಕೊಂದಿದ್ದಕ್ಕಲ್ಲ, ಗುಬ್ಬಚ್ಚಿಗೆ ಕಾಳು ಹಾಕಿದ್ದಕ್ಕೆ, ಮರ ಚಿಗುರಿಸಿದ್ದಕ್ಕೆ, ಯಾರಿಗೋ ಸಹಾಯ ಮಾಡಿದ್ದಕ್ಕೆ ಸಿಗೋ ಹೊಗಳಿಕೆಯಿಂದ. ನಾನು ಅದುವರೆಗೂ ಆಡಿದ್ದ ಗೇಮ್‌ಗಳಲ್ಲಿ ಲೆವೆಲ್ ಅಪ್ ಅಂದ್ರೆ ಹೆಣದ ಲೆಕ್ಕ, ಇದರಲ್ಲಿ ಮೊದಲ ಸಲ ಒಂದು ಮೊಲಕ್ಕೆ ಊಟ ಹಾಕಿದ್ದು ಲೆಕ್ಕಕ್ಕೆ ಬಂತು.

ಕಥೆಯ ಬೇರು 712ರ ಕೊಜಿಕಿ, 720ರ ನಿಹೋನ್ ಶೋಕಿ ಅನ್ನೋ ಹಳೇ ಗ್ರಂಥಗಳಲ್ಲಿದೆ. ಎಂಟು ತಲೆ ಸರ್ಪ ಒರೋಚಿ, ಅದಕ್ಕೆ ಎಂಟು ಪಾತ್ರೆ ತುಂಬಾ ಸಾಕೆ ಅನ್ನೋ ಅಕ್ಕಿ ಹೆಂಡ ಕುಡಿಸಿ ಮಲಗಿಸಿ ತಲೆ ಕಡಿದ ಸುಸಾನೊ, ಅವನು ಕಾಪಾಡಿದ ಕುಶಿನಾದಾ. ಆಟದಲ್ಲಿ ಸುಸಾನೊ ಸೋಮಾರಿ, ಬಾಯಿಬಡಾಯಿ, ಒಳಗೊಳಗೇ ಹೆದರಿಕೆ ಇರೋ ಮನುಷ್ಯ. ಅವನು ಧೈರ್ಯ ತಂದ್ಕೊಳ್ಳೋದೇ ಮೊದಲ ಭಾಗದ ಕಥೆ. ಕೊನೆಯಲ್ಲಿ ದೇವರೇ ಸೋತು ಬಿದ್ದಿರ್ತಾಳೆ, ಆಗ ದಾರಿಯುದ್ದಕ್ಕೂ ಸಿಕ್ಕಿದ್ದ ಜನ ಎಲ್ಲಾ ಒಬ್ಬೊಬ್ಬರಾಗಿ ಅವಳನ್ನ ನೆನೀತಾರೆ, ಆ ನೆನಪಿನಿಂದ ಅವಳು ಏಳ್ತಾಳೆ. ಜನ ನೆನೆಯೋದು ನಿಲ್ಲಿಸಿದ್ರೆ ದೇವರಿಗೂ ಬಲ ಇಲ್ಲ. ಇದನ್ನ ದೇವರನ್ನ ಕೊಲ್ಲೋ ಕಥೆಗಳ ಪಕ್ಕ ಇಟ್ಟು ನೋಡಿ ತುಂಗಾತೀರ ಅವ್ರೆ.

ಕುಡ್ಲದ_ಹುಡ್ಗ

ನಿಶಾಚರಿ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನನಗೆ ಅದು ಓದುವಾಗ ನಮ್ಮ ಕಡೆಯ ನಾಗಬನ ನೆನಪಾಯಿತು. ಅಲ್ಲಿಯ ಒಂದು ಗೆಲ್ಲು ಕಡಿಯುವುದಿಲ್ಲ ಯಾರೂ, ನಂಬದವನು ಸಹ ಕಡಿಯುವುದಿಲ್ಲ. ಹಾಗಂತ ದೈವ ಮತ್ತು ಕಾಮಿ ಒಂದೇ ಅಂತ ಹೇಳಲಿಕ್ಕೆ ನನಗೆ ಮನಸ್ಸಿಲ್ಲ ಮಾರಾಯ್ರೆ, ದೈವ ನಮ್ಮಲ್ಲಿ ಎದುರು ನಿಂತು ನ್ಯಾಯ ತೀರ್ಮಾನ ಮಾಡ್ತದೆ, ಕುಟುಂಬದ ಹೆಸರು ಹಿಡಿದು ಕರೀತದೆ, ಅದು ಬೇರೆಯೇ ಉಂಟು.

ಗೋಸ್ಟ್ ಆಫ್ ತ್ಸುಶಿಮಾದಲ್ಲಿ ಸಹ ಶಿಂಟೋ ಗುಡಿಗಳು ತುಂಬಾ ಚಂದ ಉಂಟು, ನರಿ ದಾರಿ ತೋರಿಸ್ತದೆ.

ಪಿಕ್ಸೆಲ್‌ರಂಗ

ತ್ಸುಶಿಮಾ ಚೆನ್ನಾಗಿದೆ ಬ್ರೋ, ಆದ್ರೆ ಅದು ಮಾಡಿದ್ದು ಅಮೆರಿಕಾದ ಸಕರ್ ಪಂಚ್. ಅದರ ಪಕ್ಕ ಅದಕ್ಕಿಂತ ಒಂದು ವರ್ಷ ಮೊದಲು, 2019ರಲ್ಲಿ ಬಂದ ಸೆಕಿರೋ ಇಟ್ಟು ನೋಡು, ವ್ಯತ್ಯಾಸ ಕಾಣುತ್ತೆ. ಅಲ್ಲಿ ಪಾಳು ಗುಡಿಯಲ್ಲಿ ಒಬ್ಬ ಒಂಟಿಗೈ ಮುದುಕ ಕೂತು ಬುದ್ಧನ ಮೂರ್ತಿ ಕೆತ್ತುತಾ ಇರ್ತಾನೆ. ಎಷ್ಟು ಕೆತ್ತಿದ್ರೂ ಶಾಂತ ಮುಖ ಬರಲ್ಲ, ಎಲ್ಲಾ ಸಿಟ್ಟಿನ ಮುಖಾನೇ ಬರುತ್ತೆ, ಗುಡಿ ತುಂಬಾ ಅಂಥ ನೂರಾರು ಮುಖ. ಯಾಕೆ ಅಂತ ಯಾರೂ ಉದ್ದುದ್ದ ಭಾಷಣ ಮಾಡಲ್ಲ. ಅವನು ಹಿಂದೆ ಕೊಂದಿದ್ದ ಜನರ ದ್ವೇಷ ಅವನ ಒಳಗೇ ಇದೆ, ಅದು ಕೈಯಿಂದ ಮರಕ್ಕೆ ಇಳೀತಿದೆ. ಕೊನೆಗೆ ಆ ದ್ವೇಷ ಅವನನ್ನ ಏನು ಮಾಡುತ್ತೆ ಅಂತ ಆಡಿದೋರಿಗೆ ಗೊತ್ತು.

ಇನ್ನೊಂದು, ಸೆಕಿರೋದಲ್ಲಿ ನೀವು ಸತ್ರೆ ಎದ್ದು ಬರ್ತೀರ, ಆದ್ರೆ ಹಂಗೆ ಮತ್ತೆ ಮತ್ತೆ ಸತ್ತು ಏಳ್ತಾ ಹೋದ್ರೆ ಪರಿಚಯದ ಜನಕ್ಕೆ ಕೆಮ್ಮು ಬರುತ್ತೆ, ಡ್ರಾಗನ್‌ರಾಟ್ ಅನ್ನೋ ರೋಗ. ನಿಮ್ಮ ಸಾವಿಲ್ಲದ ಬದುಕು ಅವರ ಆಯಸ್ಸಿನಿಂದ ಬರ್ತಾ ಇದೆ. ಸೆಂಪೋ ದೇವಸ್ಥಾನದ ಸನ್ಯಾಸಿಗಳು ಬುದ್ಧನನ್ನ ಬಿಟ್ಟು ಅಮರತ್ವದ ಹಿಂದೆ ಬಿದ್ದು ಮೈಯೊಳಗೆ ಶತಪದಿ ಹುಳ ಸಾಕ್ಕೊಂಡಿದಾರೆ. ಬೌದ್ಧರು ಅನಿತ್ಯ ಅಂತಾರಲ್ಲ, ಯಾವುದೂ ನಿಲ್ಲಲ್ಲ ಅಂತ, ಅದನ್ನ ಒಪ್ಪದೇ ಇರೋದೇ ಈ ಆಟದಲ್ಲಿ ಎಲ್ಲಾ ಕೊಳೆತಕ್ಕೂ ಮೂಲ. ಯಾವ ಸಂಭಾಷಣೆಗಿಂತ ಆ ಕೆಮ್ಮಿನ ಸದ್ದು ನನ್ನ ತಲೇಲಿ ಉಳ್ಕೊಂಡಿದೆ.

ಗದಗಿನ_ಗೇಮರ್

ನಮಸ್ಕಾರ್ರಿ ಎಲ್ಲಾರಿಗೂ. ನೀವೆಲ್ಲಾ ಜಪಾನಿನ ದೇವರ ಬಗ್ಗೆ ಹೇಳಾಕತ್ತೀರಿ, ನಮ್ಮ ದೇವರು ಅಲ್ಲಿ ಹೋಗಿ ಏನಾಗ್ಯಾರ ಅನ್ನೂದನ್ನ ನಾ ಹೇಳ್ತೀನಿ.

ಡಿಜಿಟಲ್ ಡೆವಿಲ್ ಸಾಗಾ ಅಂತ ಅಟ್ಲಸ್‌ದವರ ಗೇಮ್ ಐತಿ, 2004ರಾಗ ಪ್ಲೇಸ್ಟೇಷನ್ 2ಕ್ಕ ಬಂದಿದ್ದು. ಯಾವಾಗ್ಲೂ ಮಳಿ ಸುರಿಯೋ ಒಂದು ಜಗತ್ತಿನಾಗ ಟೋಳಿಗೋಳು ಬಡದಾಡ್ತಿರ್ತಾವ, ಗೆದ್ದವರಿಗೆ ನಿರ್ವಾಣ ಅಂತ ಹೇಳಿರ್ತಾರ. ಒಂದು ದಿನ ಎಲ್ಲಾರ ಮೈಮ್ಯಾಲೆ ಆತ್ಮ ಅನ್ನೋ ಗುರುತು ಮೂಡಿ ಒಬ್ಬೊಬ್ಬರು ಒಂದೊಂದು ದೇವತಾ ಆಗ್ತಾರ. ಬೆಂಕಿಯವ ಅಗ್ನಿ, ಗಾಳಿಯವ ವಾಯು, ಭೂಮಿಯಾಕಿ ಪೃಥ್ವಿ, ಸಿಡ್ಲಿನವ ದ್ಯೌಸ್, ನಾಯಕ ವರುಣ. ಸೇವ್ ಮಾಡೂದು ಕರ್ಮ ಟರ್ಮಿನಲ್‌ನಾಗ, ವಿದ್ಯಾ ಕಲಿಯೂದು ಮಂತ್ರದಿಂದ. ದ್ಯೌಸ್ ಅಂದ್ರ ಯಾರು ಅಂತ ನಮ್ಮೂರಾಗ ಹತ್ತು ಮಂದಿಗೆ ಕೇಳಿದ್ರ ಒಬ್ಬರಿಗೂ ಗೊತ್ತಿರಂಗಿಲ್ಲ, ವೇದದಾಗಿನ ಆಕಾಶ ದೇವರು, ಜಪಾನಿನವರು ಹುಡುಕಿ ತಂದಾರ.

ಹೆಸರು ಅಷ್ಟ ತಂದಿದ್ರ ನಾ ಇಷ್ಟು ಬರೀತಿರಲಿಲ್ಲ. ಆ ದೇವತಾ ಆದವರಿಗೆ ಹಸಿವು ಆಗ್ತೈತಿ, ವೈರಿನ ತಿನಬೇಕು, ತಿನ್ನಲಿಲ್ಲಂದ್ರ ಬುದ್ಧಿ ಕೆಡ್ತೈತಿ. ಪೃಥ್ವಿ ಆದಾಕಿ ಅರ್ಜಿಲ್ಲಾ ನಾ ತಿನ್ನಂಗಿಲ್ಲ ಅಂತ ಹಠ ಹಿಡಿತಾಳ, ಆಕೀ ಸಂಕಟ ನೋಡಾಕ ಆಗಂಗಿಲ್ಲ. ನಮ್ಮ ಅಪ್ಪಾರು ಸಂಸ್ಕೃತ ಮಾಸ್ತರ್ರು, ಅವರಿಗೆ ಈ ಕಥಿ ಹೇಳಿದೆ. ಅವರು ತೈತ್ತಿರೀಯ ಉಪನಿಷತ್ತಿಂದು ಒಂದು ಸಾಲು ಹೇಳಿದ್ರು, "ಅಹಮನ್ನಮ್, ಅಹಮನ್ನಾದಃ", ನಾನ ಅನ್ನ, ಅನ್ನಾ ತಿನ್ನಾವನೂ ನಾನ. ಆಟ ಮಾಡಿದವರು ಅದನ್ನ ಓದಿದ್ರು ಅಂತ ನಾ ಅನ್ನಂಗಿಲ್ಲ. ಆದ್ರ ಅಪ್ಪಾರು ಅದನ್ನ ಹೇಳಿದ ಮ್ಯಾಲೆ ಆ ಆಟ ನನಗ ಬ್ಯಾರೇನ ಕಾಣಾಕತ್ತು.

ಒಂದು ಬ್ಯಾಸರ ಮಾತ್ರ ಐತಿ. ಅದೇ ಕಂಪನಿಯ ಶಿನ್ ಮೆಗಾಮಿ ಟೆನ್ಸೆಯ್ ಆಟದಾಗ ಶಿವ, ವಿಷ್ಣು, ಗಣೇಶ ಎಲ್ಲಾರೂ ರಾಕ್ಷಸರ ಪಟ್ಟಿಯಾಗ ಬರ್ತಾರ. ಬಾಲಿ ದ್ವೀಪದ ರಂಗ್ಡಾ ಮತ್ತ ಬರೋಂಗ್ ಎರಡನ್ನ ಕೂಡಿಸಿದ್ರ ಶಿವ ತಯಾರ. ದಿನಾ ಲಿಂಗಪೂಜಿ ಮಾಡೋ ಮನಿಯಾವ ನಾನು, ಅದನ್ನ ನೋಡಿದಾಗ ಎದಿ ಚುರ್ ಅಂತು. ಆಟ ಬಿಡಲಿಲ್ಲ, ಆದ್ರ ಶಿವನ್ನ ಮಾತ್ರ ಕೂಡಿಸಾಕ ಹೋಗಲಿಲ್ಲ.

ನಿಶಾಚರಿ

ನಿಮ್ಮ ಬೇಸರ ಅರ್ಥ ಆಗುತ್ತೆ ಅಣ್ಣ. ನಂಗೆ ಹಾಗನ್ಸಲ್ಲ, ಯಾಕಂದ್ರೆ ಆ ಪಟ್ಟಿಯಲ್ಲಿ ಅವರದ್ದೇ ಅಮಾತೆರಾಸು, ಸುಸಾನೊ ಕೂಡ ಇದಾರೆ, ಯಾರಿಗೂ ವಿನಾಯ್ತಿ ಕೊಟ್ಟಿಲ್ಲ. ಇನ್ನೊಂದು ವಿಷ್ಯ, ನಮ್ಮ ದೇವರುಗಳು ಅಲ್ಲಿಗೆ ಗೇಮ್ ಕಂಪನಿ ಮೂಲಕ ಹೋಗಿಲ್ಲ, ಬೌದ್ಧ ಧರ್ಮದ ಜೊತೆ ಚೀನಾ ಹಾದು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೇನೇ ಹೋಗಿದಾರೆ. ಸರಸ್ವತಿ ಅಲ್ಲಿ ಬೆಂಜೈತೆನ್, ವೀಣೆ ಬದಲು ಬೀವಾ ಹಿಡ್ಕೊಂಡಿದಾಳೆ. ಇಂದ್ರ ತೈಶಾಕುತೆನ್, ಬ್ರಹ್ಮ ಬೊಂತೆನ್, ಯಮ ಎನ್ಮಾ, ಗಣೇಶ ಕಾಂಗಿತೆನ್. 752ರಲ್ಲಿ ನಾರಾದ ತೋದಾಯ್‌ಜಿಯ ದೊಡ್ಡ ಬುದ್ಧನಿಗೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದ್ದು ಬೋಧಿಸೇನ ಅನ್ನೋ ಭಾರತದ ಭಿಕ್ಷು. 2012ರ ಅಸುರಾಸ್ ರಾತ್ ಗೇಮ್‌ನ ಆರು ಕೈಯ ಅಸುರನನ್ನ ನೋಡಿ, ನಾರಾದ ಕೋಫುಕುಜಿಯಲ್ಲಿ 8ನೇ ಶತಮಾನದ ಮೂರು ಮುಖ ಆರು ಕೈಯ ಅಶುರ ವಿಗ್ರಹ ಇದೆ, ಆ ಆಕಾರ ಅಲ್ಲಿನವರ ಕಣ್ಣಿಗೆ ಚಿಕ್ಕಂದಿನಿಂದ ರೂಢಿ. ನಮಗೆ ಅಸುರ ಅಂದ್ರೆ ಕೆಟ್ಟವನು, ಅವರಿಗೆ ಸಿಟ್ಟು ಬಿಡೋಕಾಗದೇ ನರಳ್ತಿರೋನು, ಬುದ್ಧನ ಹತ್ರ ಬಂದು ಧರ್ಮರಕ್ಷಕನಾದವನು. ಆ ಗೇಮ್‌ನಲ್ಲಿ ಮಗಳಿಗೋಸ್ಕರ ಅಳೋ ಅಪ್ಪ ಆಗಿದಾನೆ.

ಗದಗಿನ_ಗೇಮರ್

ಬೋಧಿಸೇನನ ವಿಷಯ ಗೊತ್ತಿರಲಿಲ್ಲರಿ ಅಕ್ಕಾರ, ಅಪ್ಪಾಗ ಹೇಳ್ತೀನಿ. ಶಿವನ ವಿಷಯದಾಗ ಮಾತ್ರ ನನ್ನ ಮನಸು ಅಲ್ಲೇ ಐತಿ.

ಒಸಾಕಾ_ಕನ್ನಡತಿ

ನಾನು ಇಲ್ಲಿ ಒಸಾಕಾದಲ್ಲಿ ಆರು ವರ್ಷದಿಂದ ಇದೀನಿ. ನಮ್ಮ ಬೀದಿ ಮೂಲೇಲಿ ಮೊಣಕಾಲೆತ್ತರದ ಒಂದು ಕಲ್ಲಿನ ಜಿಜೋ ಇದೆ, ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿರ್ತಾರೆ, ಮಗೂಗೆ ಜೊಲ್ಲುಬಟ್ಟೆ ಕಟ್ಟಿದ ಹಾಗೆ. ಜಿಜೋ ಅಂದ್ರೆ ಸಂಸ್ಕೃತದ ಕ್ಷಿತಿಗರ್ಭ ಬೋಧಿಸತ್ವ, ದಾರಿಹೋಕರನ್ನ, ಸತ್ತ ಮಕ್ಕಳನ್ನ ಕಾಯೋನು. ಅಪ್ಪ ಅಮ್ಮಂಗಿಂತ ಮೊದಲೇ ಸತ್ತ ಮಕ್ಕಳು ಸಾಂಝು ನದಿ ದಡದಲ್ಲಿ ಕಲ್ಲು ಪೇರಿಸ್ತಾ ಇರ್ತಾವೆ, ರಾಕ್ಷಸರು ಬಂದು ಕೆಡವ್ತಾರೆ, ಜಿಜೋ ಬಂದು ಮಕ್ಕಳನ್ನ ನಿಲುವಂಗಿ ಒಳಗೆ ಬಚ್ಚಿಟ್ಕೋತಾನೆ ಅನ್ನೋ ನಂಬಿಕೆ. ಸಾಂಝು ಅಂದ್ರೆ ನಮ್ಮ ವೈತರಣಿ ಅನ್ಕೊಳ್ಳಿ. ಆಗಸ್ಟ್ 24ರ ಹೊತ್ತಿಗೆ ಈ ಕಡೆ ಜಿಜೋ-ಬೋನ್ ಅಂತ ಮಕ್ಕಳ ಹಬ್ಬಾನೇ ಮಾಡ್ತಾರೆ.

ಚಿಕ್ಕೋಳಿದ್ದಾಗ ಅಣ್ಣನ ಜೊತೆ ಸೂಪರ್ ಮಾರಿಯೋ ಬ್ರದರ್ಸ್ 3 ಆಡಿದ್ದೆ. ಅದರಲ್ಲಿ ತನುಕಿ (ನರಿ ಥರದ ಒಂದು ಪ್ರಾಣಿ) ವೇಷ ಹಾಕ್ಕೊಂಡ್ರೆ ಮಾರಿಯೋ ಸ್ವಲ್ಪ ಹೊತ್ತು ಕಲ್ಲಿನ ಮೂರ್ತಿ ಆಗ್ತಾನೆ, ಶತ್ರುಗಳು ಏನೂ ಮಾಡೋಕಾಗಲ್ಲ. ಆಗ ಅದೇನು ಅಂತ ಗೊತ್ತಿರ್ಲಿಲ್ಲ. ಇಲ್ಲಿಗೆ ಬಂದ ಮೊದಲ ವಾರ ಬೀದಿ ಮೂಲೇಲಿ ನಿಂತು ನೋಡ್ದಾಗ ಹೊಳೀತು, ಅದು ಜಿಜೋ! ಅಷ್ಟು ವರ್ಷ ನಾನು ಕ್ಷಿತಿಗರ್ಭನನ್ನ ಗುಂಡಿ ಒತ್ತಿ ಕರೀತಿದ್ದೆ.

ತುಂಗಾತೀರ ಅವ್ರಿಗೆ ಮುಖ್ಯವಾಗಿ ಹೇಳ್ಬೇಕಾಗಿರೋದು. ಯೂನಾ ಮಾಡೋ ಆ ಕುಣಿತಕ್ಕೆ ಜಪಾನಿಯಲ್ಲಿ ಇಕಾಯ್-ಒಕುರಿ ಅಂತ ಹೆಸರು, ಒಕುರಿ ಅಂದ್ರೆ ಕಳಿಸಿಕೊಡೋದು. ಇಲ್ಲಿ ಓಬೋನ್ ಅಂತ ಪಿತೃಗಳ ಹಬ್ಬ ಇದೆ, ಹೆಚ್ಚಿನ ಕಡೆ ಆಗಸ್ಟ್ ಮಧ್ಯದಲ್ಲಿ. ಸತ್ತೋರು ಮನೆಗೆ ಬರ್ತಾರೆ, ಊಟ ಇಡ್ತಾರೆ, ಆಮೇಲೆ ಕಳಿಸಿಕೊಡ್ತಾರೆ. ಕ್ಯೋಟೋದಲ್ಲಿ ಆಗಸ್ಟ್ 16ರ ರಾತ್ರಿ ಐದು ಬೆಟ್ಟದ ಮೇಲೆ ಹಚ್ಚೋ ಬೆಂಕಿಗೆ ಒಕುರಿಬಿ ಅಂತಾರೆ, ಅದೇ ಒಕುರಿ. ಅವತ್ತೇ ಅರಾಶಿಯಾಮಾದಲ್ಲಿ ನದಿಗೆ ಕಾಗದದ ದೀಪ ಬಿಡ್ತಾರೆ. ಓಬೋನ್ ಅನ್ನೋ ಹೆಸರು ಉಲ್ಲಂಬನ ಅನ್ನೋ ಸಂಸ್ಕೃತ ಪದದಿಂದ ಬಂತು ಅಂತ ಸಾಮಾನ್ಯವಾಗಿ ಹೇಳ್ತಾರೆ, ಅದರ ಹಿಂದಿನ ಕಥೆ ಮೌದ್ಗಲ್ಯಾಯನಂದು, ಬುದ್ಧನ ಶಿಷ್ಯ, ಅವನು ಸತ್ತ ತಾಯಿ ಪ್ರೇತಲೋಕದಲ್ಲಿ ಹಸಿದು ಒದ್ದಾಡೋದನ್ನ ನೋಡಿ ಅವಳನ್ನ ಬಿಡಿಸ್ಕೊಂಡು ಬರ್ತಾನೆ.

ಆಟದ ನಾಯಕ ಟೀಡಸ್, ನಾಯಕಿ ಯೂನಾ, ಇವರ ಹೆಸರುಗಳೂ ಸುಮ್ನೆ ಇಟ್ಟಿದ್ದಲ್ಲ. ಒಕಿನಾವಾ ಭಾಷೇಲಿ ತೀಡಾ ಅಂದ್ರೆ ಸೂರ್ಯ, ಯೂನಾ ಅಂದ್ರೆ ಅಲ್ಲಿ ಕಡಲತೀರದಲ್ಲಿ ಬೆಳೆಯೋ ದಾಸವಾಳದ ಜಾತಿಯ ಒಂದು ಹೂವು.

ಕುಡ್ಲದ_ಹುಡ್ಗ

ಕಳಿಸಿಕೊಡುವುದು ಅಂದ ಕೂಡಲೇ ಪರ್ಸೋನಾ 4 ನೆನಪಾಯಿತು, ಅದರಲ್ಲಿ ಸರಿಯಾಗಿ ಕಳಿಸಿಕೊಡದ ಹೆಂಡತಿಯ ಕಥೆ ಉಂಟು. ಕೊಜಿಕಿಯಲ್ಲಿ ಇಝಾನಾಮಿ ಸತ್ತು ಯೋಮಿ ಲೋಕಕ್ಕೆ ಹೋಗ್ತಾಳೆ, ಗಂಡ ಇಝಾನಾಗಿ ಹುಡುಕಿಕೊಂಡು ಹೋಗ್ತಾನೆ, ನನ್ನನ್ನು ನೋಡ್ಬೇಡ ಅಂತಾಳೆ ಅವಳು. ಅವನು ಬಾಚಣಿಗೆಯ ಒಂದು ಹಲ್ಲು ಮುರಿದು ಬೆಂಕಿ ಹಚ್ಚಿ ನೋಡಿಯೇ ಬಿಡ್ತಾನೆ, ಕೊಳೆತ ಹೆಣ. ಹೆದರಿ ಓಡಿ ಬಂದು ದಾರಿಗೆ ಬಂಡೆ ಅಡ್ಡ ಇಡ್ತಾನೆ. ದಿನಕ್ಕೆ 1000 ಜನರನ್ನು ಕೊಲ್ತೇನೆ ಅಂತ ಅವಳು, ದಿನಕ್ಕೆ 1500 ಹೆರಿಗೆಮನೆ ಕಟ್ಟಿಸ್ತೇನೆ ಅಂತ ಇವನು.

ಗೇಮಿನಲ್ಲಿ ಹುಡುಗನ ಶಕ್ತಿಯ ಹೆಸರು ಇಝಾನಾಗಿ, ಕೊನೆಗೆ ಎದುರು ನಿಲ್ಲುವುದು ಇಝಾನಾಮಿ. ಆದರೆ ಕಥೆಯನ್ನು ತಿರುಗಿಸಿದ್ದಾರೆ ನೋಡಿ. ಹಳೆ ಕಥೆಯಲ್ಲಿ ನೋಡಿದ್ದೇ ತಪ್ಪು. ಗೇಮಿನಲ್ಲಿ ಊರಿಡೀ ಮಂಜು ಕವಿದಿದೆ, ನಿಜ ನೋಡಲಿಕ್ಕೆ ಯಾರಿಗೂ ಮನಸ್ಸಿಲ್ಲ, ಅಲ್ಲಿ ನೋಡದೇ ಇರುವುದು ತಪ್ಪು. ನೀವು ಪೂರ್ತಿ ವಿಚಾರಿಸದೆ ಮೊದಲೇ ಮನೆಗೆ ಹೊರಟರೆ ಆಟ ಅಲ್ಲಿಗೇ ಮುಗೀತದೆ, ಇಝಾನಾಮಿ ಯಾರು ಅಂತ ಗೊತ್ತೇ ಆಗುವುದಿಲ್ಲ. ನಾನು ಹಾಗೆ ಒಮ್ಮೆ ಮುಗಿಸಿ ಎರಡು ವರ್ಷ ಅದೇ ಕೊನೆ ಅಂತ ನಂಬಿದ್ದೆ.

ನಿಶಾಚರಿ

ಅದೇ ಕಥೆ ಮುಂದಕ್ಕೂ ಇದೆಯಲ್ಲ, ಯೋಮಿಯಿಂದ ಬಂದ ಇಝಾನಾಗಿ ಮೈಲಿಗೆ ಆಯ್ತು ಅಂತ ನದೀಲಿ ಸ್ನಾನ ಮಾಡ್ತಾನೆ, ಎಡಗಣ್ಣು ತೊಳೆದಾಗ ಹುಟ್ಟಿದೋಳೇ ಅಮಾತೆರಾಸು. ಆ ಮೈಲಿಗೆಗೆ ಅವರು ಕೆಗಾರೆ ಅಂತಾರೆ. ಒಕಾಮಿಯಲ್ಲಿ ಕಪ್ಪಾದ ಹೊಲ ತೊಳೆಯೋದು, 2022ರ ಗೋಸ್ಟ್‌ವೈರ್ ಟೋಕಿಯೋದಲ್ಲಿ ತೋರಿ ಅನ್ನೋ ಗುಡಿ ಮುಂದಿನ ಬಾಗಿಲುಗಳನ್ನ ಒಂದೊಂದಾಗಿ ಶುದ್ಧ ಮಾಡಿ ಮಂಜು ಸರಿಸೋದು, ಎಲ್ಲಾ ಅದೇ.

ಇಲ್ಲಿ ಒಂದು ಮಾತು ಹೇಳದೇ ಇದ್ರೆ ನಂಗೆ ನಿದ್ದೆ ಬರಲ್ಲ. ಮಡಿ ಮೈಲಿಗೆ ಆಟದಲ್ಲಿ ಎಷ್ಟು ಚಂದ ಕಾಣುತ್ತೋ ಬದುಕಲ್ಲಿ ಅಷ್ಟು ಚಂದ ಇಲ್ಲ, ನಮಗಂತೂ ಇದು ಗೊತ್ತಿರ್ಬೇಕು. ಜಪಾನಿನಲ್ಲೂ ಹೆಣ ಸಾಗಿಸೋರು, ಚರ್ಮದ ಕೆಲಸದೋರು, ಕಟುಕರು, ಇವರನ್ನೆಲ್ಲ ಕೆಗಾರೆ ಅಂತ ಹೇಳೇ ತಲೆತಲಾಂತರ ಊರಾಚೆ ಇಟ್ಟಿದ್ರು, ಬುರಾಕುಮಿನ್ ಅಂತಾರೆ ಅವರನ್ನ, ಮದುವೆ, ಕೆಲಸದ ವಿಷ್ಯದಲ್ಲಿ ಆ ತಾರತಮ್ಯ ಪೂರ್ತಿ ಹೋಗಿಲ್ಲ. ತೊಳೆಯೋ ಆಟಗಳು ಸಾಕಷ್ಟು ಇವೆ, ಮೈಲಿಗೆ ಅಂತ ಕರೆಸ್ಕೊಂಡೋರ ಕಡೆಯಿಂದ ಹೇಳಿದ ದೊಡ್ಡ ಆಟ ನಾನಿನ್ನೂ ಆಡಿಲ್ಲ. ಅದು ಬಂದ ದಿನ ಮೊದಲು ದುಡ್ಡು ಕೊಡೋಳು ನಾನು.

ಪಿಕ್ಸೆಲ್‌ರಂಗ

ಇದು ನಂಗೆ ಹೊಳೆದಿರ್ಲಿಲ್ಲ ಮೇಡಂ. ಸೆಕಿರೋ, ಒಕಾಮಿ ಎರಡನ್ನೂ ಮತ್ತೆ ಆ ಕಣ್ಣಲ್ಲಿ ನೋಡ್ಬೇಕು.

ತುಂಗಾತೀರ

ಎಲ್ರದ್ದೂ ಎರಡೆರಡು ಸಲ ಓದ್ದೆ. ನನ್ನ ಪ್ರಶ್ನೇನ ನಾನೇ ತಪ್ಪು ಕೇಳಿದ್ದೆ ಅನ್ಸುತ್ತೆ. ಯೆವನ್ ಪೂರ್ತಿ ಬೀಳುತ್ತೆ, ಮೇಸ್ಟರ್‌ಗಳ ಬಣ್ಣ ಬಯಲಾಗುತ್ತೆ, ಸಿನ್‌ನ ಮೊದಲ ಸಲ ಸೋಲಿಸಿದ್ದ ಯೂನಾಲೆಸ್ಕಾ ಮುಂದೆ ನಿಂತು ಯೂನಾ ಈ ಸುಳ್ಳು ಸಮಾಧಾನ ನಂಗೆ ಬೇಡ ಅಂತಾಳೆ. ಅಷ್ಟೆಲ್ಲಾ ಬಿಟ್ಟ ಮೇಲೂ ಕೊನೇ ದೃಶ್ಯದಲ್ಲಿ ಮತ್ತೆ ಕೋಲು ತಗೊಂಡು ಕುಣೀತಾಳೆ, ಸತ್ತಿದ್ರೂ ಇಷ್ಟು ದಿನ ಜೊತೆಗಿದ್ದ ಔರಾನ್ ಅವಳ ಎದುರೇ ಮಿಣುಕಾಗಿ ಹೋಗ್ತಾನೆ. ದೇವಸ್ಥಾನ ಬಿಟ್ಟಳು, ಕಳಿಸಿಕೊಡೋದನ್ನ ಬಿಡ್ಲಿಲ್ಲ. ಮಠ, ಪುರೋಹಿತರು ಅಂದ್ರೆ ನಂಗೂ ದೂರಾನೇ. ಆದ್ರೂ ಒಸಾಕಾ ಅಕ್ಕ ಬರೆದಿದ್ದನ್ನ ಓದಿ ಕಳೆದ ಭಾನುವಾರ ಕೂಡ್ಲಿಗೆ ಹೋಗಿದ್ದೆ, ತುಂಗೆ ಭದ್ರೆ ಸೇರೋ ಜಾಗ. ಯಾರನ್ನೂ ಕರೀಲಿಲ್ಲ, ನೀರಿಗೆ ಇಳಿದು ಅಜ್ಜಿ ಹೆಸರು ಹೇಳಿ ಎಳ್ಳುನೀರು ಬಿಟ್ಟೆ.

ಮನೆಗೆ ಬಂದು ಅಮ್ಮಂಗೆ ಕಿಲಿಕಾ ಸೀನ್ ತೋರಿಸ್ದೆ. ಅಮ್ಮ ಗೇಮ್ ಅಂದ್ರೆ ಮೊಬೈಲ್ ಮಾತ್ರ ಅನ್ಕೊಂಡಿದ್ದೋರು. ಪೂರ್ತಿ ನೋಡಿದ್ರು, ಯೂನಾ ಕೂಡ ಕೊನೆಗೆ ಸಾಯೋಕೆ ಅಂತಾನೇ ಯಾತ್ರೆ ಹೊರಟಿದಾಳೆ ಅಂತ ನಾನು ಹೇಳಿದೆ. "ಹಂಗಾದ್ರೆ ಆ ಹುಡುಗೀನ ಯಾರು ಕಳಿಸಿಕೊಡ್ತಾರೋ?" ಅಂದ್ರು. ನಾನು ಹೇಳ್ಲಿಲ್ಲ. ಈಗ ದಿನಾ ರಾತ್ರಿ ಊಟ ಆದ್ಮೇಲೆ ಪಕ್ಕದಲ್ಲಿ ಬಂದು ಕೂರ್ತಾರೆ, ಇವತ್ತು ಮಕಲಾನಿಯಾ ಕಾಡಿನವರೆಗೆ ಬಂದಿದೀವಿ.